ದಾರ ಕಟ್ಟದ ತೋಟೆ

ನಮ್ಮೂರಲ್ಲಿ ಸಂಜೆಯಾದ ಮೇಲೆ ಯಾರೂ ಗಟ್ಟಿಯಾಗಿ ಮಾತಾಡುವುದಿಲ್ಲ. ಆ ಹೊತ್ತಿಗೆ ಮಾತಾಡುವುದು ಎದುರುಬೆಟ್ಟ. ಊರಿಗೂ ಬೆಟ್ಟಕ್ಕೂ ನಡುವೆ ಒಂದು ಬಯಲು, ಬಯಲಿನ ಈಚೆ ಅಂಚಿಗೆ ಉದ್ದಕ್ಕೆ ಕಲ್ಲಿನ ಕಟ್ಟೆ. ಹೇಳುವುದಿದ್ದವರು ಕೋವಿ ಹಿಡಿದು ಕಟ್ಟೆಯ ಹತ್ತಿರ ಸಾಲು ನಿಲ್ಲುತ್ತಾರೆ. ಸರದಿ ಬಂದಾಗ ಬೆಟ್ಟದ ಕಡೆಗೆ ಮದ್ದು, ಚರೆ ತುಂಬಿದ ಒಂದು ತೋಟೆ ಹಾರಿಸುತ್ತಾರೆ. ಸದ್ದು ಹೋಗಿ ಬಂಡೆಗೆ ತಾಗುತ್ತದೆ. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ಏನೂ ಕೇಳಿಸುವುದಿಲ್ಲ. ಆಮೇಲೆ ಬೆಟ್ಟ, ಆ ತೋಟೆಯನ್ನು ತುಂಬಿದವರ ದನಿಯಲ್ಲಿ, ತುಂಬುವಾಗ ಅವರ ಮನಸ್ಸಿನಲ್ಲಿ ಏನಿತ್ತೋ ಅದನ್ನು ಹೇಳುತ್ತದೆ.

ಹಾರಿಸಿದವರ ದನಿಯಲ್ಲ, ತುಂಬಿದವರದು. ಪೇಟೆಯಿಂದ ಕೊಂಡು ತಂದ ತೋಟೆ ಹಾರಿಸಿದರೆ ಬೆಟ್ಟ ಹಿಟ್ಟಿನ ಗಿರಣಿಯ ಹಾಗೆ ಗುಂಯ್ ಅಂದು ಸುಮ್ಮನಾಗುತ್ತದೆ. ಹಾಗಾಗಿ ನಮ್ಮಲ್ಲಿ ಒರಳಿಲ್ಲದ ಮನೆ ಸಿಕ್ಕೀತು, ತೋಟೆ ತುಂಬುವ ಪ್ರೆಸ್ಸಿಲ್ಲದ ಮನೆ ಸಿಕ್ಕುವುದಿಲ್ಲ. ಅತ್ತೆಗೆ ಮುಖ ಕೊಟ್ಟು ಹೇಳಲಾಗದ್ದನ್ನು ಸೊಸೆ ತೋಟೆಯಲ್ಲಿ ತುಂಬುತ್ತಾಳೆ. ಮೇಷ್ಟ್ರುಗಳು ಕ್ಷಮೆ ಕೇಳುವುದು ಹೀಗೇ. ತುಂಬುವಾಗ ಮನಸ್ಸು ಅತ್ತಿತ್ತ ಹೋಗದಿರಲಿ ಎಂದು ಕೆಲವರು ಕಣ್ಣು ಮುಚ್ಚಿಕೊಳ್ಳುತ್ತಾರೆ, ಕೆಲವರು ಹೇಳಬೇಕಾದ್ದನ್ನೇ ಮೆಲ್ಲಗೆ ಗುನುಗುತ್ತಾರೆ. ಎಷ್ಟು ಜಾಗ್ರತೆ ಮಾಡಿದರೂ ಬೆಟ್ಟ ಒಂದೊಂದು ಸಲ ಹುಳಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಕೇಳಿಬಿಡುತ್ತದೆ. ನಾನು ಇಲ್ಲಿನ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಬೆಟ್ಟದ ದೂರಕ್ಕೂ ಉತ್ತರ ಬರುವ ಹೊತ್ತಿಗೂ ಲೆಕ್ಕ ಹೊಂದುವುದಿಲ್ಲ. ಹೊಂದಿಸುವ ಆಸೆಯನ್ನು ನಮ್ಮ ವಿದ್ಯಾರ್ಥಿಗಳು ಮೊದಲ ವರ್ಷದಲ್ಲೇ ಬಿಡುತ್ತಾರೆ. ನಾನೂ ಹಾಗೇ ಬಿಟ್ಟವಳು.

ಎರಡು ಕಟ್ಟಳೆಗಳನ್ನು ಮಾತ್ರ ಮೊದಲೇ ಹೇಳಬೇಕು. ಬೆಟ್ಟ ಮಾತಾಡುತ್ತಿರುವಾಗ ಇನ್ನೊಂದು ತೋಟೆ ಹಾರಿಸಬಾರದು. ಹಾರಿಸಿದರೆ ಬೆಟ್ಟ ಆಡುತ್ತಿದ್ದ ಮಾತನ್ನು ಅಲ್ಲಿಗೇ ಬಿಟ್ಟು ಹೊಸದನ್ನು ಹಿಡಿಯುತ್ತದೆ. ಬಿಟ್ಟದ್ದನ್ನು ಮತ್ತೆ ಹೇಳುವುದಿಲ್ಲ. ಎರಡನೆಯದು, ಕೊನೆಯ ತೋಟೆ. ಬದುಕಿರುವಾಗಲೇ ಪ್ರತಿಯೊಬ್ಬರೂ ತಮಗಾಗಿ ಒಂದು ತೋಟೆಯನ್ನು ಸ್ವಂತ ಕೈಯಿಂದ ತುಂಬಿ ಇಡಬೇಕು. ಅದಕ್ಕೆ ಮನೆಯ ಇನ್ನೊಬ್ಬರು ಹಳದಿ ದಾರ ಕಟ್ಟಿ ಗೋಡೆಯ ಗೂಡಿನಲ್ಲಿಡಬೇಕು. ಸತ್ತವರ ಬೂದಿ ಆರಿದ ಸಂಜೆ ಊರೆಲ್ಲ ಕಟ್ಟೆಗೆ ಬಂದು ನಿಂತಾಗ ಅದನ್ನು ಹಾರಿಸುತ್ತಾರೆ. ಸತ್ತವರು ಒಂದು ಸಲ, ಕೊನೆಗೆ, ಮಾತಾಡುತ್ತಾರೆ. ನಮ್ಮಪ್ಪನ ಕೊನೆಯ ತೋಟೆ, "ಬಾವಿ ಹಗ್ಗ ಸವೆದಿದೆ, ಬದಲಾಯಿಸಿ" ಎಂದಿತ್ತು. ಅಮ್ಮ ಅಳುತ್ತಲೇ ಮರುದಿನ ಹೊಸ ಹಗ್ಗ ತರಿಸಿದಳು.

ಈ ಕಥೆ ನನ್ನಣ್ಣ ಚಂದ್ರಹಾಸನದು. ಕಾಸಿಂ ಸಾಹೇಬರು ಮದ್ದು, ಚರೆ, ಕಿಡಿ ಹಚ್ಚುವ ಕೇಪು ಮಾರುವ ತಮ್ಮ ಅಂಗಡಿಗೆ ಮೊದಲ ಸುತ್ತು ಪ್ರೆಸ್ಸನ್ನು ತರಿಸಿದಾಗ ಅದನ್ನು ಮನೆಗೆ ಹೊತ್ತು ತಂದವನು ಅವನೇ.

ಅಲ್ಲಿಯವರೆಗೆ ನಮ್ಮಲ್ಲಿದ್ದದ್ದು ಒಂಟಿ ಪ್ರೆಸ್ಸು. ಒಂದು ಖಾಲಿ ತೋಟೆ ಇಟ್ಟು, ಸುಟ್ಟ ಕೇಪು ಕಳಚಿ, ಹೊಸದನ್ನು ಕೂರಿಸಿ, ಮದ್ದು ಸುರಿದು, ರಟ್ಟಿನ ಬಿಲ್ಲೆ ಒತ್ತಿ, ಚರೆ ಹಾಕಿ, ಬಾಯಿ ಮಡಿಸುವುದು. ಅದು ಮುಗಿದ ಮೇಲೆ ಇನ್ನೊಂದು. ಗಂಟೆಗೆ ಐವತ್ತು ಆದರೆ ಹೆಚ್ಚು. ಮಾತಿಗೆ ಅದು ಸಾಕಾಗಿತ್ತು. ಆದರೆ ಅಣ್ಣನಂಥವರಿಗೆ ವರ್ಷಕ್ಕೊಮ್ಮೆ ನಡೆಯುವ ತೆಂಗಿನಕಾಯಿ ಗುರಿಯ ಪಂದ್ಯದ ಹುಚ್ಚಿತ್ತು. ಅಭ್ಯಾಸಕ್ಕೆ ನೂರಾರು ತೋಟೆ ಬೇಕು. ವಾರವಿಡೀ ಸಂಜೆ ಕೂತು ತುಂಬಿದ್ದು ಭಾನುವಾರ ಬೆಳಿಗ್ಗೆ ಕಾಫಿ ಆರುವುದರೊಳಗೆ ಖಾಲಿಯಾಗುತ್ತಿತ್ತು. ಸುತ್ತು ಪ್ರೆಸ್ಸಿನಲ್ಲಿ ದುಂಡಗಿನ ತಟ್ಟೆಯ ಮೇಲೆ ಐದು ತೋಟೆ ಐದು ಹಂತದಲ್ಲಿ ಒಟ್ಟಿಗೆ ಕೂತಿರುತ್ತವೆ. ಹಿಡಿಯನ್ನು ಒಂದು ಸಲ ಎಳೆದರೆ ಐದಕ್ಕೂ ಒಂದೊಂದು ಕೆಲಸ ಆಗಿ, ತಟ್ಟೆ ಒಂದು ಮನೆ ಮುಂದೆ ತಿರುಗಿ, ಮುಗಿದದ್ದೊಂದು ಪಕ್ಕದ ಡಬ್ಬಕ್ಕೆ ಠಣ್ ಎಂದು ಬೀಳುತ್ತದೆ. ಎಳೆದಷ್ಟು ತೋಟೆ. ಗಂಟೆಗೆ ಮುನ್ನೂರು, ಕೈ ಪಳಗಿದರೆ ನಾನೂರು.

ಅದರ ಗುಣ ಗೊತ್ತಾದದ್ದು ಲೈನ್‌ಮನ್ ದೇಜಪ್ಪ ಅದರಲ್ಲಿ ತುಂಬಿದ ತೋಟೆಯನ್ನು ಸಂಜೆ ಕಟ್ಟೆಯಲ್ಲಿ ಹಾರಿಸಿದ ದಿನ. ಹೆಂಡತಿಗೆ ಏನೋ ಒಳ್ಳೆಯ ಮಾತು ಹೇಳಬೇಕೆಂದು ತುಂಬಿದ್ದನಂತೆ. ಬೆಟ್ಟ ಅವನ ದನಿಯಲ್ಲಿ, "ನಿನ್ನ ಕೈಯ... ಕಂಬದ ಫ್ಯೂಸು... ಸೊಸೈಟಿ ಸೆಕ್ರೆಟರಿ ಹಾಳಾಗಿ ಹೋಗ್ಲಿ... ಬಂಗಡೆ" ಎಂದಿತು. ಒಂದೇ ತೋಟೆಗೆ ಕೇಪು ಕೂರುವಾಗ ಒಂದು ಯೋಚನೆ, ಮದ್ದು ಬೀಳುವಾಗ ಇನ್ನೊಂದು, ಬಾಯಿ ಮಡಿಯುವಾಗ ಮತ್ತೊಂದು. ಕೈ ಓಡುವಷ್ಟು ಬೇಗ ಮನಸ್ಸನ್ನು ಒಂದೇ ಕಡೆ ಇಡುವುದು ಯಾರಿಂದಲೂ ಆಗಲಿಲ್ಲ. ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಸೊಸೈಟಿ ಸೆಕ್ರೆಟರಿ ಮಾತ್ರ ನಗಲಿಲ್ಲ. ಆಮೇಲೆ ಒಂದು ಏರ್ಪಾಡು ತಾನಾಗಿ ಆಯಿತು. ಮಾತಿನ ತೋಟೆ ಒಂಟಿ ಪ್ರೆಸ್ಸಿನಲ್ಲಿ, ಗುರಿಯ ತೋಟೆ ಸುತ್ತು ಪ್ರೆಸ್ಸಿನಲ್ಲಿ. ಭಾನುವಾರ ಬೆಳಿಗ್ಗೆ ಬೆಟ್ಟ ಏನು ಬಡಬಡಿಸಿದರೂ ಯಾರೂ ಕಿವಿ ಕೊಡುತ್ತಿರಲಿಲ್ಲ.

ಮೊದಮೊದಲು ಗುರಿಗಾಗಿ ವೇಗ ಬೇಕಿತ್ತು. ಕ್ರಮೇಣ ಗುರಿ ಹಿಂದೆ ಬಿತ್ತು, ವೇಗ ಉಳಿಯಿತು. ಕಾಸಿಂ ಸಾಹೇಬರ ಅಂಗಡಿಯ ಜಗಲಿಯಲ್ಲಿ ಗಂಡಸರು ಕೂತು ಯಾರು ಗಂಟೆಗೆ ಎಷ್ಟು ಎಂದು ಮಾತಾಡುವುದೇ ಮಾತಾಡುವುದು. ಅಣ್ಣ ನಾನೂರು ದಾಟಿದ ದಿನ ನಮ್ಮ ಮನೆಗೆ ಪೇಡ ತಂದಿದ್ದ.

"ನಾನೂರು ಹೇಗಾಯ್ತು ಹೇಳು ನೋಡೋಣ," ಎಂದೆ. "ಹಿಡಿ ಎಳೆಯೋ ವೇಗ ಬೇರೆ, ತೋಟೆ ತಯಾರಾಗೋ ವೇಗ ಬೇರೆ. ಕೇಪು ಮುಗಿದಾಗ ತುಂಬಿಸ್ಬೇಕು, ಮದ್ದು ಮುಗಿದಾಗ ಸುರೀಬೇಕು. ಆ ಹೊತ್ತನ್ನ ಹಿಡಿದಿದ್ದೀಯಾ?"

"ನಿನ್ನ ಕಾಲೇಜಿನ ತಕರಾರು ಇಲ್ಲಿ ಬೇಡ ಮಾರಾಯ್ತಿ. ಪೇಡ ತಿನ್ನು."

ಅವನ ಜೊತೆ ಬಂದಿದ್ದ ಅತ್ತಿಗೆ ವನಮಾಲಾ ಬಾಗಿಲಿಗೆ ಒರಗಿ ನಗುತ್ತಿದ್ದಳು. "ಅದು ಲೆಕ್ಕಕ್ಕೇ ಬರಲ್ಲ ಕುಮುದಾ. ಕೇಪು ತುಂಬಿಸೋದು ನಾನು, ಮದ್ದು ಸುರಿಯೋದು ನಾನು, ಖಾಲಿ ತೋಟೆ ಕೈಗೆ ಕೊಡೋದು ನಾನು. ಇವರು ಎಳೀತಾರೆ ಅಷ್ಟೇ."

"ಎಳೆಯೋದೇ ಕಷ್ಟ ಕಣೇ," ಎಂದ ಅಣ್ಣ, ಅವಳ ಬಾಯಿಗೂ ಒಂದು ಪೇಡ ಇಡುತ್ತ.

ಅವರ ಮದುವೆ ಗೊತ್ತಾದದ್ದೂ ಬೆಟ್ಟದ ಮುಂದೆಯೇ. ಅಣ್ಣ ಆಗ ಒಂಟಿ ಪ್ರೆಸ್ಸಿನ ಮುಂದೆ ಇಡೀ ಮಧ್ಯಾಹ್ನ ಕೂತು ಅವಳಿಗಾಗಿ ಒಂದು ತೋಟೆ ತುಂಬಿದ್ದ. ಏನೇನು ದೊಡ್ಡ ಮಾತು ಹೇಳಬೇಕೆಂದಿದ್ದನೋ. ಬೆಟ್ಟ ಹೇಳಿದ್ದು, "ವನಮಾಲಾ, ಮೋಡ ಆಗಿದೆ, ಛತ್ರಿ ತಂದಿದ್ದೀಯಾ?" ಕಟ್ಟೆಯ ಮೇಲಿದ್ದವರು ನಕ್ಕರು. ಅತ್ತಿಗೆ ನಗದೆ, "ತಂದಿಲ್ಲ" ಎಂದಳಂತೆ. ಅಣ್ಣ ಅವಳನ್ನು ತನ್ನ ಛತ್ರಿಯಲ್ಲಿ ಮನೆಗೆ ಬಿಟ್ಟು ಬಂದ. ಇಷ್ಟು ವರ್ಷದಲ್ಲಿ ಬೆಟ್ಟ ಆಡಿದ ಮಾತುಗಳಲ್ಲಿ ಅದಕ್ಕಿಂತ ಚೆಂದದ್ದು ತಾನು ಕೇಳಿಲ್ಲ ಎಂದು ಅತ್ತಿಗೆ ಯಾರು ಕೇಳಿದರೂ ಹೇಳುತ್ತಿದ್ದಳು.

ಕೆಮ್ಮು ಶುರುವಾದದ್ದು ಚಳಿಗಾಲದಲ್ಲಿ. ಔಷಧಿ ಬದಲಾಯಿತು, ಡಾಕ್ಟರು ಬದಲಾದರು, ಕೆಮ್ಮು ಬದಲಾಗಲಿಲ್ಲ. ಬೇಸಿಗೆಯ ಹೊತ್ತಿಗೆ ಅವಳು ಪ್ರೆಸ್ಸಿನ ಕೋಣೆಯ ಪಕ್ಕದ ಕೋಣೆಯಲ್ಲಿ ಮಲಗಿಯೇ ಇರುತ್ತಿದ್ದಳು. ಒಂದು ಸಂಜೆ ಅಣ್ಣ ನಮ್ಮ ಮನೆಗೆ ಬಂದು ಕುರ್ಚಿಯ ತುದಿಯಲ್ಲಿ ಕೂತ.

"ಎಷ್ಟಕ್ಕೆ ಇಳಿದಿದೆ ಗೊತ್ತಾ ಕುಮುದಾ?" ಎಂದ. ಕಣ್ಣಲ್ಲಿ ನೀರಿತ್ತು.

ಅತ್ತಿಗೆಯ ತೂಕ ಎಂದುಕೊಂಡೆ. "ಎಷ್ಟು?" ಎಂದೆ, ಎದೆ ಗಟ್ಟಿ ಮಾಡಿಕೊಂಡು.

"ಇನ್ನೂರ ಮೂವತ್ತು. ಗಂಟೆಗೆ. ಕೇಪು ತುಂಬಿಸೋಕೆ ನಾನೇ ಏಳ್ಬೇಕು, ಮದ್ದಿಗೆ ನಾನೇ ಏಳ್ಬೇಕು. ಕೈ ಓಡೋದೇ ಇಲ್ಲ."

ನನಗೆ ಸಿಟ್ಟು ಬಂದಿತ್ತು. ಈಗ ಹಿಂದಿರುಗಿ ನೋಡಿದರೆ ಅವನು ಅತ್ತಿಗೆಯ ವಿಷಯವನ್ನೇ ಹೇಳುತ್ತಿದ್ದ ಅನ್ನಿಸುತ್ತದೆ. ಅವಳ ಪಕ್ಕದಲ್ಲಿ ಕೂರುವ ಧೈರ್ಯ ಅವನಿಗಿರಲಿಲ್ಲ. ಕೂತರೆ ಅವಳ ಉಸಿರು ಕೇಳಿಸುತ್ತದೆ. ಪ್ರೆಸ್ಸಿನ ಮುಂದೆ ಕೂತರೆ ಠಣ್ ಠಣ್ ಎಂದು ಬೀಳುವ ತೋಟೆಯ ಸದ್ದು ಮಾತ್ರ. ಆ ದಿನಗಳಲ್ಲಿ ಅವನು ಗುರಿಗೆ ಹೋಗುವುದನ್ನೂ ಬಿಟ್ಟಿದ್ದ. ಮದ್ದು ಸಿಕ್ಕಷ್ಟನ್ನು ಸುಮ್ಮನೆ ತುಂಬುತ್ತಿದ್ದ. ಎಣ್ಣೆಯ ದೊಡ್ಡ ಡಬ್ಬ ಕೆಂಪು ತೋಟೆಗಳಿಂದ ತುಂಬುತ್ತ ಬಂದಿತ್ತು.

ಒಂದು ಮಧ್ಯಾಹ್ನ ನಾನು ಗಂಜಿ ತಗೊಂಡು ಹೋದಾಗ ಅತ್ತಿಗೆ ದಿಂಬಿಗೆ ಒರಗಿ ಕೂತಿದ್ದಳು. ಬಹಳ ದಿನದ ಮೇಲೆ ತಲೆ ಬಾಚಿಕೊಂಡಿದ್ದಳು. ಅಣ್ಣ ಬೆಳಿಗ್ಗೆಯೇ ಔಷಧಿಗೆಂದು ಪೇಟೆಗೆ ಹೋಗಿದ್ದ.

"ಇವತ್ತು ನಂದು ಮಾಡಿಟ್ಟೆ ಕುಮುದಾ," ಎಂದಳು.

"ಏನು?"

"ಇನ್ನೇನು? ಎಲ್ಲರೂ ಮಾಡಿಡೋದು."

"ಅದಕ್ಕೇನು ಅವಸರ ಅತ್ತಿಗೆ?"

"ಈ ವಾರ ಆದ್ರೆ ಹಿಡಿ ಎಳೆಯೋಕೆ ಆಗುತ್ತೆ. ಮುಂದಿನ ವಾರದ್ದು ನಂಗೊತ್ತಿಲ್ಲ." ಗಂಜಿಯ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಹಳೇ ಪ್ರೆಸ್ಸನ್ನ ಇವರು ಯಾರಿಗೋ ಕೊಟ್ಟುಬಿಟ್ಟಿದ್ದಾರೆ. ಹೊಸದ್ರಲ್ಲೇ ಮಾಡ್ದೆ. ತಟ್ಟೆಯಲ್ಲಿ ಬೇರೆ ಏನೂ ಇಡದೆ ಒಂದೇ ಒಂದು ಖಾಲಿ ತೋಟೆ. ಒಂದೇ ಸುತ್ತು. ಪ್ರತಿ ಸಲ ಎಳೆದು ಕೂತು ಸುಧಾರಿಸ್ಕೊಂಡು, ಮತ್ತೆ ಎಳೆದು. ಬೆಳಿಗ್ಗೆ ಕೂತವಳು ಊಟದ ಹೊತ್ತಿಗೆ ಎದ್ದೆ. ಗಂಟೆಗೆ ಎಷ್ಟಾಯ್ತು ಅಂತ ನಿಮ್ಮಣ್ಣನಿಗೆ ಹೇಳ್ಬೇಡ, ಮರ್ಯಾದೆ ಹೋಗುತ್ತೆ."

ನಕ್ಕೆವು. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಕೇಳಿದೆ, "ಏನು ನೆನೆಸ್ಕೊಂಡ್ರಿ?"

"ಅದನ್ನ ಬೆಟ್ಟ ಹೇಳುತ್ತೆ. ಮಧ್ಯೆ ನಿಂಗ್ಯಾಕೆ?"

"ದಾರ ನಾನು ಕಟ್ಲಾ?"

"ಬೇಡ. ಅವರ ಕೈಲೇ ಕಟ್ಟಿಸ್ತೀನಿ. ಬೆಂಚಿನ ಮೇಲೆ ದಾರದ ಪಕ್ಕದಲ್ಲೇ ಇಟ್ಟಿದ್ದೀನಿ. ಹೇಳ್ತೀನಿ."

ಮರುದಿನ ಕೇಳಿದಾಗ, "ಹೇಳ್ದೆ, ಹ್ಞೂಂ ಅಂದ್ರು," ಎಂದಳು. ಅದಾದ ವಾರಕ್ಕೆ ಹೋದಳು.

ಬೂದಿ ಆರಿದ ಸಂಜೆ ಊರು ಕಟ್ಟೆಯ ಹತ್ತಿರ ಸೇರಿತ್ತು. ಕೋವಿ ಹೆಗಲಿಗೆ ಹಾಕಿಕೊಂಡು ಅಣ್ಣ ಮನೆಯಲ್ಲಿ ಗೋಡೆಯ ಗೂಡಿಗೆ ಕೈ ಹಾಕಿದ. ಅವನದೊಂದು ತೋಟೆ ಇತ್ತು, ಧೂಳು ಹಿಡಿದ ದಾರದ ಜೊತೆ. ಇನ್ನೊಂದು ಇರಲಿಲ್ಲ.

"ಕುಮುದಾ, ಅವಳದ್ದು ಎಲ್ಲಿಟ್ಟಿದ್ದೀಯಾ?"

"ನೀನೇ ದಾರ ಕಟ್ಟಿ ಇಟ್ಟಿದ್ದೀಯಲ್ಲ ಅಣ್ಣ."

"ನಾನಾ?"

ಇಬ್ಬರೂ ಪ್ರೆಸ್ಸಿನ ಕೋಣೆಗೆ ಹೋದೆವು. ಬೆಂಚಿನ ಮೇಲೆ ಗೇಣುದ್ದದ ಹಳದಿ ದಾರ ಕತ್ತರಿಸಿಟ್ಟ ಹಾಗೇ ಇತ್ತು. ಅಣ್ಣ ಅದನ್ನು ಮುಟ್ಟಲಿಲ್ಲ. ನೋಡುತ್ತ ನಿಂತವನಿಗೆ ಒಂದೊಂದಾಗಿ ನೆನಪಾಯಿತು. ಹಿಡಿ ಎಳೆಯುತ್ತಿದ್ದಾಗ ಒಳಗಿನಿಂದ ಅವಳು ಏನೋ ಅಂದದ್ದು. ಲೆಕ್ಕ ತಪ್ಪದಿರಲಿ ಎಂದು ಇವನು ಹ್ಞೂಂ ಅಂದದ್ದು. ಬೆಂಚಿನ ಮೇಲೆ ಒಂದು ತೋಟೆ ಬಿದ್ದಿದ್ದನ್ನು ಕಂಡು, ಡಬ್ಬದಿಂದ ಪುಟಿದು ಆಚೆ ಬಿದ್ದಿರಬೇಕೆಂದುಕೊಂಡು, ಬಲಗೈ ಹಿಡಿಯ ಮೇಲಿರುವಾಗಲೇ ಎಡಗೈಯಿಂದ ಅದನ್ನು ಡಬ್ಬಕ್ಕೆ ಹಾಕಿದ್ದು.

ಡಬ್ಬದಲ್ಲಿ ಆರುನೂರಕ್ಕೆ ಮೇಲೆ ಇದ್ದವು. ಒಂದೇ ಬಣ್ಣ, ಒಂದೇ ಮಡಿಕೆ. ಮರುದಿನ ನಾನು ಡಬ್ಬವನ್ನು ಕಾಲೇಜಿಗೆ ಒಯ್ದು ಪ್ರಯೋಗಶಾಲೆಯ ತಕ್ಕಡಿಯಲ್ಲಿ ಒಂದೊಂದಾಗಿ ತೂಗಿದೆ. ನಿಧಾನಕ್ಕೆ ತುಂಬಿದ್ದರಲ್ಲಿ ಮದ್ದು ಚೂರಾದರೂ ಬೇರೆ ಬಿದ್ದಿರಬಹುದು ಎಂಬ ಆಸೆ. ಅಣ್ಣನ ತೋಟೆಗಳೇ ತೂಕದಲ್ಲಿ ಒಂದರಿಂದೊಂದು ಅಷ್ಟು ಬೇರೆಯಾಗಿದ್ದವು, ಅವುಗಳ ನಡುವೆ ಅತ್ತಿಗೆಯದು ಎಲ್ಲಿ ಬೇಕಾದರೂ ಅಡಗಬಹುದಿತ್ತು. ಅಳತೆಗೆ ಸಿಗುವ ಗುರುತು ಅದರಲ್ಲಿ ಏನೂ ಇರಲಿಲ್ಲ.

ಕಾಸಿಂ ಸಾಹೇಬರು ಡಬ್ಬವನ್ನು ನೋಡಿ ಗಡ್ಡ ನೀವಿಕೊಂಡರು. "ಚಂದ್ರಣ್ಣಾ, ಒಂದೊಂದಾಗಿ ಹೊಡೆಯೋದು ಬಿಟ್ಟು ದಾರಿ ಇಲ್ಲ. ಇದರಿಂದ ಒಂದೂ ಹೊರಗೆ ಹೋಗಿಲ್ಲ ತಾನೇ?"

"ಇಲ್ಲ. ಅವಳು ಮಲಗಿದ ಮೇಲೆ ನಾನು ಗುರಿಗೆ ಹೋಗಿಲ್ಲ."

"ಹಾಗಾದ್ರೆ ನಮ್ಮ ತಂಗಿ ಇದರೊಳಗೇ ಇದ್ದಾಳೆ. ಸಿಗೋ ತನಕ ಕಟ್ಟೆಯಲ್ಲಿ ಬೇರೆ ಯಾರೂ ಕೋವಿ ಎತ್ತೋದು ಬೇಡ. ನಾನು ಎಲ್ಲರಿಗೂ ಹೇಳ್ತೀನಿ."

ಮೊದಲ ಸಂಜೆ ಜನ ಕಿಕ್ಕಿರಿದು ನೆರೆದಿದ್ದರು. ಅಣ್ಣನದು ಜೋಡುನಳಿಗೆ ಕೋವಿ. ಒಂದೇ ನಳಿಗೆಗೆ ತೋಟೆ ಹಾಕು, ಬೆಟ್ಟ ಪೂರ್ತಿ ಹೇಳಿ ಮುಗಿಸಿದ ಮೇಲೆ ಇನ್ನೊಂದು ಹಾಕು ಎಂದು ನಾನು ಹೇಳಿದ್ದೆ. ಹಾಗೇ ಮಾಡಿದ. ಮೊದಲ ಸದ್ದು ಹೋಯಿತು.

"ಮುನ್ನೂರ ಎಂಬತ್ತು..." ಎಂದಿತು ಬೆಟ್ಟ ಅಣ್ಣನ ದನಿಯಲ್ಲಿ. "ಮದ್ದು ಬಿತ್ತಾ?... ದೇಜಪ್ಪಂಗೆ ಎಡಗೈ ಓಡಲ್ಲ."

ದೇಜಪ್ಪ ಗಂಟಲು ಸರಿ ಮಾಡಿಕೊಂಡ. ಯಾರೋ ಸಣ್ಣಗೆ ನಕ್ಕರು. ಎರಡನೆಯದು. "ಬಿತ್ತಾ?... ಚರೆ ಮುಗೀತಾ ಬಂತು... ಸಾಹೇಬರು ತೂಕದಲ್ಲಿ..." ಮೂರನೆಯದು. "ಚಹಾ ಯಾರೂ ಕೊಡಲ್ವಾ... ಬಿತ್ತಾ?" ಸುತ್ತು ಪ್ರೆಸ್ಸಿನವರಿಗೆ ಅದೊಂದು ಚಟ. ತಟ್ಟೆ ತಿರುಗುವಾಗ ಪ್ರತಿ ತೋಟೆಯೊಳಗೂ ಮದ್ದು ಬಿತ್ತೋ ಇಲ್ಲವೋ ಎಂದು ಬಗ್ಗಿ ನೋಡಬೇಕು, ಇಲ್ಲದಿದ್ದರೆ ಕೋವಿ ಕೈಕೊಡುತ್ತದೆ. ಹೀಗಾಗಿ ಬೆಟ್ಟ ಮತ್ತೆ ಮತ್ತೆ ಅದನ್ನೇ ಕೇಳಿತು. ಬಿತ್ತಾ, ಬಿತ್ತಾ. ಸೂರ್ಯ ಇಳಿಯುವ ಹೊತ್ತಿಗೆ ಜನರಿಗೆ ನಗು ಬರುತ್ತಿರಲಿಲ್ಲ. ಒಬ್ಬ ಮನುಷ್ಯನ ಮನಸ್ಸನ್ನು ಅಷ್ಟು ಹೊತ್ತು ಯಾರೂ ಕೇಳಬಾರದು.

ಎರಡನೆಯ ಸಂಜೆಯೂ ಹಾಗೇ ಹೋಯಿತು. ಮೂರನೆಯ ಸಂಜೆಗೆ ಜನ ಕಡಿಮೆಯಾಗಿದ್ದರು, ಬಂದವರೂ ನೆಲ ನೋಡುತ್ತ ನಿಂತಿದ್ದರು. ನಾನು ಒಂದನ್ನು ಕಾಯುತ್ತಿದ್ದೆ. ಅತ್ತಿಗೆಯ ದನಿಯನ್ನಲ್ಲ, ಅದು ಬಂದೇ ಬರುತ್ತದೆ. ಅಣ್ಣನ ದನಿಯಲ್ಲಿ ಅವಳ ಹೆಸರು ಬರಲಿ ಎಂದು ಕಾಯುತ್ತಿದ್ದೆ. ಅಷ್ಟು ತೋಟೆಗಳಲ್ಲಿ ಒಂದರಲ್ಲಾದರೂ, ಒಂದು ಹಂತದಲ್ಲಾದರೂ, ವನಮಾಲಾ ಎಂದು ಬರಲಿ. ಅಣ್ಣನೂ ಅದನ್ನೇ ಕಾಯುತ್ತಿದ್ದನೆಂದು ಅವನು ಪ್ರತಿ ಸಲ ಕತ್ತು ಮುಂದೆ ಚಾಚುವ ರೀತಿಯಲ್ಲೇ ಗೊತ್ತಾಗುತ್ತಿತ್ತು. ಕೊನೆಗೆ ಅವಳ ವಿಷಯ ಬಂತು.

"ಬಿತ್ತಾ?..." ಎಂದಿತು ಬೆಟ್ಟ. "ಇವಳ ಕೆಮ್ಮು... ಲೆಕ್ಕ ತಪ್ತು ನೋಡು... ಸ್ವಲ್ಪ ಸುಮ್ನಿರಬಾರದಾ."

ದೇಜಪ್ಪ ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಹೆಂಗಸರು ಒಬ್ಬೊಬ್ಬರಾಗಿ ಊರಿನ ಕಡೆ ಮುಖ ತಿರುಗಿಸಿದರು, ಬೈಯುವುದಕ್ಕಲ್ಲ, ಅವನಿಗೆ ತಮ್ಮ ಮುಖ ಕಾಣದಿರಲಿ ಎಂದು. ಅಣ್ಣ ಹಿಂದೆ ನೋಡಲಿಲ್ಲ. ಕೋವಿ ಮಡಿಸಿದ. ಈ ಸಲ ಎರಡೂ ನಳಿಗೆಗೆ ತೋಟೆ ಹಾಕಿದ.

"ಅಣ್ಣಾ," ಎಂದೆ, "ಒಂದೇ ಹಾಕು."

"ಹೊತ್ತಾಯ್ತು," ಎಂದ. ಬಿಸಿಲು ಇನ್ನೂ ಬಂಡೆಯ ಮೇಲೆ ಇತ್ತು.

ಎಡಗಡೆಯ ಕುದುರೆ ಎಳೆದ. ಉಸಿರಿನಷ್ಟು ಹೊತ್ತು. ಬೆಟ್ಟ ಅವನ ದನಿಯಲ್ಲಿ "ಇನ್ನೂ..." ಎನ್ನುವುದೇ ತಡ, ಬಲಗಡೆಯದನ್ನು ಎಳೆದ. ಮಾತು ಅಲ್ಲೇ ತುಂಡಾಯಿತು. ಮುಂದಿನದು ಬಾಯಿ ತೆರೆಯುವಷ್ಟರಲ್ಲಿ ಖಾಲಿ ತೋಟೆ ಕಿತ್ತೆಸೆದು ಬೇರೆ ಹಾಕಿ ಅದನ್ನೂ ತುಂಡರಿಸಿದ. ತನ್ನ ದನಿ ಶುರುವಾದದ್ದು ಕಿವಿಗೆ ಬಿದ್ದರೆ ಸಾಕು, ಅದರ ಬಾಯಿ ಮುಚ್ಚಿಬಿಡುತ್ತಿದ್ದ. ಅವನ ಕೈ ಎಷ್ಟು ಬೇಗ ಓಡುತ್ತದೆಂದು ಊರಿಗೆಲ್ಲ ಗೊತ್ತಿತ್ತು, ಆದರೆ ಅಷ್ಟು ಬೇಗ ಓಡಿದ್ದನ್ನು ಯಾರೂ ಕಂಡಿರಲಿಲ್ಲ. ಬೆಟ್ಟದಿಂದ ಬರೀ ಚೂರುಗಳು ಬಂದವು. "ಮುನ್ನೂ..." "ಇವ..." "ಬಿ..." ಕಾಸಿಂ ಸಾಹೇಬರು ಎರಡು ಹೆಜ್ಜೆ ಮುಂದೆ ಹೋಗಿ, "ಚಂದ್ರಣ್ಣಾ, ನಿಧಾನ, ನಿಧಾನ" ಎಂದರು. ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ. ನನಗೆ ಭಯವಾಗುತ್ತಿತ್ತು, ಜೊತೆಗೆ ಇನ್ನು ಅವನ ಮಾತು ಕೇಳಬೇಕಾಗಿಲ್ಲ ಎಂದು ಸಮಾಧಾನವೂ ಆಗುತ್ತಿತ್ತು.

ಎಡಗಡೆಯ ಕುದುರೆ ಎಳೆದ. ಉಸಿರಿನಷ್ಟು ಹೊತ್ತು.

"ರೀ, ಒಂದು ಮಾತ್..."

ಅತ್ತಿಗೆಯ ದನಿ. ಕಾಯಿಲೆಗಿಂತ ಹಿಂದಿನ ದನಿ, ಬಾಗಿಲಿಗೆ ಒರಗಿ ನಿಂತು ಆಡುವಂಥದ್ದು. ಅಣ್ಣನಿಗೂ ಗೊತ್ತಾಯಿತು. ಅವನ ಮುಖ ಅರಳಿದ್ದನ್ನು ನಾನು ಪಕ್ಕದಿಂದ ಕಂಡೆ. ಆದರೆ ಬೆರಳು ಮುಖಕ್ಕಿಂತ ಮುಂದಿತ್ತು. ಬಲಗಡೆಯ ನಳಿಗೆಯ ತೋಟೆ ಹಾರಿಹೋಗಿತ್ತು.

ಬೆಟ್ಟ ನಿಂತಿತು. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು. ಆಮೇಲೆ ಅಣ್ಣನ ದನಿಯಲ್ಲಿ ಕೇಳಿತು: "ಬಿತ್ತಾ?"

ಅವನು ಕೋವಿ ಇಳಿಸಲಿಲ್ಲ. ಬಂಡೆಯ ಮೇಲಿನ ಬಿಸಿಲು ಪೂರ್ತಿ ಹೋಗುವವರೆಗೂ ಹಾಗೇ ನಿಂತಿದ್ದ. ಬೆಟ್ಟ ಬಿಟ್ಟ ಮಾತನ್ನು ಮತ್ತೆ ಹಿಡಿಯುವುದಿಲ್ಲವೆಂದು ನಮ್ಮಲ್ಲಿ ಹಸುಗೂಸಿಗೂ ಗೊತ್ತು. ಆದರೂ ಯಾರೂ ಅದನ್ನು ಅವನಿಗೆ ಹೇಳಲಿಲ್ಲ. ಕಾಸಿಂ ಸಾಹೇಬರು ಹೋಗಿ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಕೋವಿಯನ್ನು ತಾವು ತಗೊಂಡರು. "ನಡೀರಿ," ಎಂದರು. "ನಡೀರಿ ಚಂದ್ರಣ್ಣ, ಮನೆಗೆ."

ಡಬ್ಬದಲ್ಲಿ ಇನ್ನೂ ಅರ್ಧದಷ್ಟು ಉಳಿದಿದ್ದವು. ಅವನ್ನು ದೇಜಪ್ಪ ಬಂದು ಎತ್ತಿಕೊಂಡ. "ನಾನು ಬಿಚ್ಚಿ ಹಾಕ್ತೀನಿ ಚಂದ್ರಣ್ಣ. ಒಂದೂ ಹಾರಿಸಲ್ಲ. ನನಗೆ ಎಡಗೈ ಓಡಲ್ಲ, ನಿಧಾನ ಆಗುತ್ತೆ, ಆದ್ರೂ ಮಾಡ್ತೀನಿ," ಎಂದ. ಅಣ್ಣ ಅವನ ಕೈ ಹಿಡಿದುಕೊಂಡ. ಅವಳು ಹೋದ ಮೇಲೆ ಅವನು ಮೊದಲ ಸಲ ಅತ್ತದ್ದು ಆಗ.

ಅತ್ತಿಗೆ ಏನು ಹೇಳಬೇಕೆಂದಿದ್ದಳು ಎಂದು ಯೋಚಿಸದ ದಿನ ನನಗಿಲ್ಲ. ಒಂದು ಮಾತು ಎಂದವಳು ಬೆಳಿಗ್ಗೆಯಿಂದ ಊಟದ ಹೊತ್ತಿನವರೆಗೆ ಕೂತಿದ್ದಳು. ಅದು ಒಂದೇ ಮಾತಾಗಿರಲಾರದು. ಛತ್ರಿಯ ವಿಷಯ ಇದ್ದಿರಬಹುದು. ಬಾವಿಹಗ್ಗದಂಥ ಯಾವುದೋ ಮನೆಯ ಕೆಲಸ ಇದ್ದಿರಬಹುದು. ಬೈಗುಳವೂ ಇರಬಹುದು, ಇರಲೂಬೇಕಿತ್ತು. ಪ್ರಯೋಗ ಒಂದೇ ಸಲ ಮಾಡಲು ಸಾಧ್ಯವಿದ್ದಾಗ ಅದನ್ನು ಹೇಗೆ ಮಾಡಬೇಕೆಂದು ನಾನು ಮಕ್ಕಳಿಗೆ ಪ್ರತಿ ವರ್ಷ ಹೇಳಿಕೊಡುತ್ತೇನೆ. ಆ ಪಾಠ ಬಂದಾಗ ಈಗ ಬೋರ್ಡಿನ ಕಡೆ ತಿರುಗಿ ಮಾತಾಡುತ್ತೇನೆ.

ಅಣ್ಣ ಸುತ್ತು ಪ್ರೆಸ್ಸನ್ನು ಎಸೆಯಲಿಲ್ಲ, ಮಾರಲಿಲ್ಲ. ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಅದರ ಮುಂದೆ ಕೂತ. ತಟ್ಟೆಯಲ್ಲಿ ಒಂದೇ ಖಾಲಿ ತೋಟೆ ಇಟ್ಟ, ಅತ್ತಿಗೆ ಮಾಡಿದ್ದಳೆಂದು ನಾನು ಹೇಳಿದ್ದ ಹಾಗೇ. ಒಂದು ಸಲ ಎಳೆದು ಸುಮ್ಮನೆ ಕೂರುತ್ತಿದ್ದ, ಮತ್ತೆ ಎಳೆಯುತ್ತಿದ್ದ. ಸಂಜೆ ಅದನ್ನು ತಂದು ಕಟ್ಟೆಯ ಸಾಲಿನಲ್ಲಿ ನಿಂತು ಹಾರಿಸಿದ. "ಬಿತ್ತಾ?" ಎಂದಿತು ಬೆಟ್ಟ. ಮರುದಿನ ಮತ್ತೊಂದು ಮಾಡಿದ. ಕೈ ನಿಧಾನವಾಗಿತ್ತು, ಒಳಗಿನದು ಇನ್ನೂ ಓಡುತ್ತಿತ್ತು. ಮಳೆಗಾಲವೆಲ್ಲ ಬೆಟ್ಟ ಅವನ ದನಿಯಲ್ಲಿ ಅಂಕಿಗಳನ್ನು ಹೇಳಿತು, ಮದ್ದು ಕೇಳಿತು, ಒಂದೊಂದು ದಿನ "ಕೆಮ್ಮು" ಎಂದಷ್ಟೇ ಅಂದು ಸುಮ್ಮನಾಯಿತು. ಅವನು ಒಂದನ್ನೂ ತುಂಡರಿಸಲಿಲ್ಲ. ಪೂರ್ತಿ ಕೇಳಿಸಿಕೊಂಡು, ಕೋವಿ ಮಡಿಸಿ, ಮನೆಗೆ ಹೋಗುತ್ತಿದ್ದ. ಅಂಕಿಗಳು ಕಡಿಮೆಯಾದವು. ಚಳಿ ಬೀಳುವ ಹೊತ್ತಿಗೆ "ಬಿತ್ತಾ" ಕೂಡ ನಿಂತಿತು.

ಆಮೇಲೆ ಒಂದು ಸಂಜೆ ಅವನು ಹಾರಿಸಿದಾಗ ಬೆಟ್ಟ ಎಂದಿಗಿಂತ ತಡ ಮಾಡಿತು. ಇಂದು ಏನೂ ಬರುವುದಿಲ್ಲವೇನೋ ಎಂದುಕೊಂಡೆ. ಆಗ ಅಣ್ಣನ ದನಿಯಲ್ಲಿ, ಬಹಳ ಹತ್ತಿರ ಕೂತವರಿಗೆ ಹೇಳುವ ಹಾಗೆ, ಒಂದೇ ಪದ ಬಂತು.

"ಹೇಳು."

ಅಷ್ಟೇ. ಬೇರೆ ಏನೂ ಬೆರೆತಿರಲಿಲ್ಲ. ಅಣ್ಣ ಕೋವಿಯನ್ನು ನೆಲಕ್ಕೆ ಊರಿ, ಕತ್ತು ಸ್ವಲ್ಪ ಮುಂದೆ ಚಾಚಿ, ಕಾಯುತ್ತ ನಿಂತ. ಸಾಲಿನಲ್ಲಿ ಅವನ ಹಿಂದೆ ದೇಜಪ್ಪನ ಸರದಿ. ಅವನಾಗಲೇ ತನ್ನ ಕೋವಿಗೆ ತೋಟೆ ಹಾಕಿಕೊಂಡಿದ್ದ. ಸದ್ದಾಗದಂತೆ ಕೋವಿ ಮಡಿಸಿ ಅದನ್ನು ಹೊರತೆಗೆದು ಜೇಬಿಗಿಟ್ಟುಕೊಂಡ. ಅವನ ಹಿಂದಿನವರೂ ಹಾಗೇ ಮಾಡಿದರು.